ಹನ್ನೊಂದನೆಯ ಸಂಚಿಕೆಯ ಗಿಳಿಗಳು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಸಿಂದಗಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಎಂಟು ವರ್ಷವಾಯಿತು. ಸ್ಟಾಫ್ ರೂಮಿನಲ್ಲಿ ಉಳಿದವರ ಕುರ್ಚಿಗಳು ಸವೆದು ತೂತು ಬಿದ್ದಿವೆ, ನನ್ನದು ಮಾತ್ರ ತಂದಿಟ್ಟ ದಿನ ಹೇಗಿತ್ತೋ ಹಾಗೇ ಇದೆ. ಊಟವನ್ನಾದರೂ ಕೂತು ಮಾಡಿರಿ ಎಂದು ಹೆಂಡತಿ ಗೋಗರೆಯುತ್ತಾಳೆ. ಇಂಥವನು ತಿಂಗಳಿಗೊಮ್ಮೆ ಕಾಮಿಕ್ಸ್ ಪುಸ್ತಕದ ವಿಮರ್ಶೆ ಬರೆಯುತ್ತೇನೆಂದರೆ ಜನ ನಗುತ್ತಾರೆ. ಅದರಲ್ಲೂ ಸೂಪರ್ ಹೀರೊ ಕಾಮಿಕ್ಸ್. ನಗಲಿ ಬಿಡಿ, ನಾನು ಅದನ್ನೂ ನಿಂತೇ ಓದುತ್ತೇನೆ, ನಿಂತೇ ಬರೆಯುತ್ತೇನೆ.

ಇಂಡಿಯಲ್ಲಿ ನೌಕರಿಗಿದ್ದಾಗ ಅಂಟಿದ ಚಟ ಇದು. ಜಿಲ್ಲೆಯ ಪತ್ರಿಕೆಯೊಂದರ ರವಿವಾರದ ಪುಟದಲ್ಲಿ ಯಾರೋ ಒಂದು ಚಿತ್ರಕತೆಯ ಬಗ್ಗೆ ಉದ್ದಕ್ಕೆ ಬರೆದಿದ್ದರು. ಕತೆಯನ್ನೆಲ್ಲ ಒಪ್ಪಿಸಿ, ಚಿತ್ರದ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆ ಪುಟ ನೋಡಿಕೊಳ್ಳುವ ಸಂಪಾದಕರಿಗೆ ಫೋನ್ ಹಚ್ಚಿ, "ಮದುವಿ ಊಟಕ್ಕ ಹೋಗಿ ಬರೇ ಲಗ್ನಪತ್ರಿಕಾ ಓದಿ ಬಂದಂಗ ಆತಲ್ರಿ ಇದು" ಎಂದೆ. ಅವರು ಒಂಚೂರೂ ಬೇಸರಿಸದೆ, "ಹಂಗಾದ್ರ ನೀವ ಬರೀರಿ" ಎಂದರು. ಅಂದಿನಿಂದ ಬರೆಯುತ್ತಿದ್ದೇನೆ.

ಹತ್ತು ಸಂಚಿಕೆಗಳಿಂದ ನಾನು ಬೆನ್ನು ಹತ್ತಿದ ಒಂದು ಸರಣಿ ಇದೆ. ಹುಬ್ಬಳ್ಳಿಯ ಕಡೆಯ ಒಂದು ಸಣ್ಣ ಪ್ರಕಾಶನದವರು ತಿಂಗಳಿಗೊಂದರಂತೆ ತರುತ್ತಾರೆ. ಅದರ ನಾಯಕ ಒಬ್ಬ ಲೈನ್‌ಮನ್. ಕೃಷ್ಣೆಯ ಹಿನ್ನೀರಿಗೆ ಹರಿದು ಬಿದ್ದ ತಂತಿ ಎತ್ತಲು ಹೋಗಿ ಶಾಕ್ ಹೊಡೆಸಿಕೊಂಡವನು, ಸಾಯಲಿಲ್ಲ, ಬೇರೆಯೇ ಆದ. ನೀರಿನೊಳಗೆ ಇಳಿದರೆ ಲಾರಿಯನ್ನು ಎತ್ತಿ ಒಗೆಯುತ್ತಾನೆ. ದಂಡೆಗೆ ಬಂದನೆಂದರೆ ಎರಡು ಕೊಡ ನೀರು ಹೊರುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಕೈಯಲ್ಲಿ ರಬ್ಬರಿನ ಕೈಗವಸು, ಹೆಗಲ ಮೇಲೆ ಟವೆಲ್. ಬೇರೆ ವೀರರಿಗೆ ಬೆನ್ನ ಹಿಂದೆ ಬಟ್ಟೆ ಹಾರಿದರೆ ಇವನಿಗೆ ಟವೆಲ್ ಹಾರುತ್ತದೆ, ಅದೂ ನೀರಿನ ತಳದಲ್ಲಿ. ಕತೆ, ಚಿತ್ರ ಎರಡೂ ಒಬ್ಬಳೇ ಹುಡುಗಿಯದು. ಅವಳ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಮುದ್ದೇಬಿಹಾಳ ಎಂದಿರುತ್ತದೆ. ಅಷ್ಟು ಬಿಟ್ಟರೆ ಅವಳು ಯಾರೋ ನನಗೆ ಗೊತ್ತಿರಲಿಲ್ಲ. ಹತ್ತರಲ್ಲಿ ಎಂಟನ್ನು ಹೊಗಳಿ ಬರೆದಿದ್ದೆ.

ಹನ್ನೊಂದನೆಯದು ಒಂದು ಗುರುವಾರ ಸಿಂದಗಿ ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಬಂತು. ನನಗೆ ಕಾಮಿಕ್ಸ್ ಅನ್ನು ಹಿಂದಿನಿಂದ ಬಿಡಿಸುವ ಕೆಟ್ಟ ರೂಢಿ. ಕೊನೆಯ ಪುಟದಲ್ಲಿ ಪ್ರಕಾಶಕರು ಒಂದು ಚೌಕದೊಳಗೆ ಬರೆದಿದ್ದರು: ಓದುಗರು ಕಡಿಮೆಯಾಗಿದ್ದಾರೆ, ಈ ಸಂಚಿಕೆಗೆ ಬೇಡಿಕೆ ಬಂದರೆ ಮಾತ್ರ ಹನ್ನೆರಡನೆಯದು ಬರುತ್ತದೆ, ಇಲ್ಲವಾದರೆ ಸರಣಿ ಇಲ್ಲಿಗೆ ನಿಲ್ಲುತ್ತದೆ. ಅಂಗಡಿಯವನಿಗೆ ತೋರಿಸಿದೆ. ಅವನು ಎಲೆಅಡಿಕೆ ಒಂದು ಕಡೆ ಒತ್ತಿಕೊಂಡು, "ನೀವು ಪೇಪರ್ನ್ಯಾಗ ಚೊಲೋ ಬರದ್ರ ನಾ ಐವತ್ತ ತರಸ್ತೇನ್ರಿ ಮಾಸ್ತರ. ಬೈದ್ರ ಇವ ಐದ ಸಾಕು. ಬಾಗೇವಾಡ್ಯಾಗ, ಇಂಡ್ಯಾಗ, ಎಲ್ಲಾ ಅಂಗಡ್ಯಾಗೂ ಹಂಗ ಐತಿ" ಎಂದ. ನನ್ನ ಮಾತಿಗೆ ಇಷ್ಟು ತೂಕವಿದೆಯೆಂದು ಕೇಳಿ ಒಳಗೊಳಗೇ ಉಬ್ಬಿದೆ. ಅಲ್ಲೇ ಕಂಬಕ್ಕೊರಗಿ ಓದತೊಡಗಿದೆ.

ಚೆನ್ನಾಗಿತ್ತು. ಮೊದಲ ಹದಿಮೂರು ಪುಟ ನಿಜಕ್ಕೂ ಚೆನ್ನಾಗಿತ್ತು. ಹಿಂದಿನ ಸಂಚಿಕೆಗಳಲ್ಲಿ ನೀರೆಂದರೆ ಬರೀ ನೀಲಿ ಬಳಿಯುತ್ತಿದ್ದಳು, ಅದಕ್ಕೆ ನಾನು ಎರಡು ಸಲ ಬೈದಿದ್ದೆ. ಈ ಸಲ ಮಳೆಗಾಲದ ಕೃಷ್ಣೆಯ ಚಹಾ ಬಣ್ಣ ಹಿಡಿದಿದ್ದಳು, ಆಳಕ್ಕೆ ಹೋದಂತೆ ಅದು ಕಪ್ಪಾಗುತ್ತ ಹೋಗುತ್ತದೆ. ನೀರಿನಲ್ಲಿ ಆಡಿದ ಮಾತಿನ ಗುಳ್ಳೆಗಳು ಅರ್ಧಕ್ಕೇ ಒಡೆಯುತ್ತವೆ, ಹಾಗಾಗಿ ನಾಯಕ ಹೇಳಿದ್ದರಲ್ಲಿ ಅರ್ಧ ಮಾತು ಓದುಗನಿಗೆ ಸಿಗುವುದೇ ಇಲ್ಲ. ಭಾರಿ ಉಪಾಯ. ಖಳ ಒಬ್ಬ ಗುತ್ತಿಗೆದಾರ. ಮುಳುಗಿದ ಊರಿನ ಗುಡಿ, ಕಟ್ಟೆಗಳ ಕಲ್ಲುಗಳನ್ನು ಕ್ರೇನಿನಿಂದ ಎತ್ತಿ ತನ್ನ ಹೋಟೆಲಿಗೆ ಸಾಗಿಸುತ್ತಿರುತ್ತಾನೆ. ತಕರಾರುಗಳೂ ಇದ್ದವು. ಹೊಡೆದಾಟ ಏಳು ಪುಟ ಎಳೆದಿದ್ದಳು. ನಾಯಕನ ಮೂಗು ಒಂದು ಚೌಕದಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ.

ಹದಿನಾಲ್ಕನೆಯ ಪುಟ ತಿರುವಿದಾಗ ನಮ್ಮ ಮನೆಯ ಬಾಗಿಲು ಕಂಡಿತು.

ಪೆಟ್ಟು ತಿಂದ ನಾಯಕ ಮುಳುಗಿದ ಊರಿನ ಓಣಿಯಲ್ಲಿ ಅಡಗಲು ಜಾಗ ಹುಡುಕುತ್ತ ಒಂದು ಬಾಗಿಲ ಮುಂದೆ ನಿಂತಿದ್ದಾನೆ. ಚೌಕಟ್ಟಿನ ಎರಡೂ ಬದಿಗೆ ಕೆತ್ತನೆಯ ಹಲಗೆ, ಒಂದೊಂದರ ಮೇಲೆ ಒಂದೊಂದು ಗಿಳಿ. ಅದರಲ್ಲಿ ಒಂದಕ್ಕೆ ಕೊಕ್ಕು ಮುರಿದಿದೆ. ಆ ಕೊಕ್ಕು ಮುರಿದದ್ದು ನನ್ನ ಅಣ್ಣನ ಚಿಣ್ಣಿದಾಂಡಿನ ಹೊಡೆತಕ್ಕೆ. ಅಂಥ ಇನ್ನೊಂದು ಬಾಗಿಲು ಲೋಕದಲ್ಲಿ ಇರಲಿಕ್ಕೆ ಸಾಧ್ಯವಿಲ್ಲ.

ನಾನು ಹುಟ್ಟಿದ್ದು ಹಳೆ ಕೊಲ್ಹಾರದಲ್ಲಿ. ಹಿನ್ನೀರು ಬರುತ್ತದೆಂದು ಊರು ಬಿಟ್ಟಾಗ ನನಗೆ ಒಂಬತ್ತು ವರ್ಷ. ಆಗ ಎಲ್ಲರೂ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಗೋಡೆಯ ಮಣ್ಣು ಬಿಟ್ಟು ತೊಲೆ, ಜಂತಿ, ಕಂಬ, ಬಾಗಿಲು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿ ಹೊಸ ಊರಿಗೆ ಒಯ್ದರು. ಯಾವ ತುಂಡು ಎಲ್ಲಿಗೆ ಎಂದು ತಿಳಿಯಲು ಒಂದೊಂದರ ಮೇಲೂ ಸುಣ್ಣದಿಂದ ನಂಬರ್ ಬರೆಯುವ ಪದ್ಧತಿ ಹುಟ್ಟಿಕೊಂಡಿತ್ತು. ನಮ್ಮ ಓಣಿಯಲ್ಲಿ ಅದನ್ನು ಕಲಿಸಿದವರು ನನ್ನ ಅಪ್ಪ. ಇಡೀ ಓಣಿಯ ಕಟ್ಟಿಗೆಗೆ ಅಪ್ಪನದೇ ಅಕ್ಷರ. ಲೆಕ್ಕದ ಮನುಷ್ಯ, ಅಳತೆಯ ಮನುಷ್ಯ ಎಂದು ಜನ ಅವರನ್ನು ಕರೆದು ಕರೆದು ಬರೆಸಿಕೊಳ್ಳುತ್ತಿದ್ದರು. ಅಪ್ಪ ತೀರಿಕೊಂಡು ಈಗ ನಾಲ್ಕು ವರ್ಷ. ಹೊಸ ಕೊಲ್ಹಾರದ ಮನೆಯಲ್ಲಿ ಆ ಬಾಗಿಲು ಇವತ್ತಿಗೂ ಇದೆ, ಅಣ್ಣನ ಸಂಸಾರ ಮತ್ತು ಅವ್ವ ಅಲ್ಲಿದ್ದಾರೆ.

ನನ್ನನ್ನು ಕೆರಳಿಸಿದ್ದು ಗಿಳಿಗಳು. ನಮ್ಮ ಬಾಗಿಲಿನ ಗಿಳಿಗಳು ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ. ಒಂದು ಓಣಿಯ ಈ ತುದಿ ನೋಡಿದರೆ ಇನ್ನೊಂದು ಆ ತುದಿ ನೋಡುತ್ತದೆ. ಹಳೆ ಮನೆಯ ಕಟ್ಟೆಯ ಮೇಲೆ ಕೂತು, ಮುರುಕು ಕೊಕ್ಕಿನ ಗಿಳಿ ನದಿಯ ಕಡೆ ನೋಡುವುದನ್ನು ನಾನು ನೋಡುತ್ತಿದ್ದದ್ದು ನನಗೆ ನಿಚ್ಚಳ ನೆನಪಿದೆ. ಎಂಟು ವರ್ಷದಿಂದ ಮಕ್ಕಳಿಗೆ ಆ ಗಿಳಿಗಳನ್ನು ಬೋರ್ಡಿನ ಮೇಲೆ ಬರೆದು, ನೋಡಿರಿ, ಹಳೆಯ ಕಾಲದ ಬಡಿಗರು ಎಷ್ಟು ಜಾಣರಿದ್ದರು, ಮನೆಗೆ ಎರಡೂ ಕಡೆ ಕಾವಲು ಕೂಡಿಸಿದ್ದಾರೆ ಎಂದು ಪಾಠ ಮಾಡಿದ್ದೇನೆ. ಈ ಹುಡುಗಿ ಅವನ್ನು ಲಗ್ನಪತ್ರಿಕೆಯ ಗಿಳಿಗಳಂತೆ ಮುಖಾಮುಖಿ ಕೂಡಿಸಿದ್ದಳು! ಎಲ್ಲೋ ಒಂದು ಫೋಟೊ ನೋಡಿ, ಹಲಗೆ ಅದಲು ಬದಲು ಮಾಡಿ ನಕಲು ಹೊಡೆದಿದ್ದಾಳೆ ಎಂದುಕೊಂಡೆ. ನಮ್ಮ ಮನೆ, ನಮ್ಮ ಊರು, ನಾವು ಬಿಚ್ಚಿಕೊಂಡು ಬಂದ ಬಾಗಿಲು. ನೀರಿನ ತಳದಲ್ಲಿ ಬಾಗಿಲಾದರೂ ಎಲ್ಲಿಂದ ಬರಬೇಕು? ಬಸ್ ನಿಲ್ದಾಣದಲ್ಲಿ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ಅಡ್ಡಾಡಿದೆನೋ, ಕಂಟ್ರೋಲರ್ ಎದ್ದು ಬಂದು, "ಯಾವ ಊರಿಗ್ರಿ?" ಎಂದು ಕೇಳಿದ.

ಶುಕ್ರವಾರ ವಿಮರ್ಶೆ ಬರೆದು ಕಳಿಸಿದೆ. ಮೊದಲರ್ಧ ಹೊಗಳಿಕೆ ಇತ್ತು, ಅದು ನ್ಯಾಯವಾಗಿಯೇ ಇತ್ತು. ಕೊನೆಯ ಭಾಗ ಹೀಗಿತ್ತು: "ಆ ಬಾಗಿಲು ಈ ಲೇಖಕನ ಮನೆಯದು. ಅದರ ಗಿಳಿಗಳು ಎಂದೂ ಮುಖಾಮುಖಿ ಕೂತಿಲ್ಲ. ಕಾಣದ ಊರನ್ನು ಬರೆಯಲು ಹೊರಟವರು ಕಂಡವರನ್ನು ಒಂದು ಮಾತು ಕೇಳಬೇಕಿತ್ತು. ಎಡ ಯಾವುದು, ಬಲ ಯಾವುದು ತಿಳಿಯದ ಕೈ ಎಷ್ಟು ಚೆಂದ ಗೆರೆ ಎಳೆದರೇನು ಬಂತು?" ಕಡೆಯ ಸಾಲು ಬರೆದು ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಅದು ಹುಡುಗಿಯೊಬ್ಬಳ ಹನ್ನೆರಡನೆಯ ಸಂಚಿಕೆಯನ್ನು ಕೊಲ್ಲುವ ಸಾಲು ಎಂಬುದು ತಿಳಿಯದೇ ಇರಲಿಲ್ಲ. ತಿಳಿದೇ ಕಳಿಸಿದೆ.

ಶನಿವಾರ ಮುಂಜಾನೆಯ ಶಾಲೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸಂಪಾದಕರ ಫೋನ್. "ಸರ, ಭಾಳ ಖಡಕ್ ಬರದೀರಿ. ನಿಮ್ಮ ಬಾಗಲದ ಒಂದು ಫೋಟೊ ಕಳಸ್ರಲ್ಲ, ಬಾಜೂಕ ಹಾಕಿಬಿಡ್ತೇನಿ. ಯಾವ್ದು ಖರೆ ಯಾವ್ದು ಸುಳ್ಳ ಓದವ್ರಿಗೆ ತಿಳೀಲಿ. ನಾಕಕ್ಕ ಪುಟ ಮುಗಸ್ತೇವಿ, ಅದರೊಳಗ ಬರಬೇಕ್ರಿ." ಅಣ್ಣನಿಗೆ ಹೇಳಿದ್ದರೆ ಫೋಟೊ ತೆಗೆದು ಕಳಿಸುತ್ತಿದ್ದ, ಆದರೆ ಅವನು ಹೊಲದಲ್ಲಿ ಫೋನ್ ಎತ್ತುವವನಲ್ಲ. ಶಾಲೆ ಬಿಡುತ್ತಲೇ ಬಾಗೇವಾಡಿ ಬಸ್ ಹತ್ತಿದೆ. ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಂತೇ ಇದ್ದೆ. ಬಾಗೇವಾಡಿಯಲ್ಲಿ ಬಸ್ ಬದಲಿಸಿ, ಮಸೂತಿ ದಾಟಿ ಕೊಲ್ಹಾರಕ್ಕೆ ಇಳಿದಾಗ ಎರಡೂವರೆ ಆಗಿತ್ತು.

ಅವ್ವ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು, "ಯಾಕೋ ಯಪ್ಪಾ, ಹೇಳದ ಕೇಳದ ಬಂದಿ?" ಎಂದಳು. ಏನಿಲ್ಲವ್ವಾ ಎಂದು ನಾಲ್ಕು ಫೋಟೊ ತೆಗೆದು, ಒಂದನ್ನು ಸಂಪಾದಕರಿಗೆ ಕಳಿಸಿದೆ. ಗಿಳಿಗಳು ಎಂದಿನಂತೆ ಬೆನ್ನು ಹಾಕಿ ಕೂತಿದ್ದವು. ನನ್ನ ಮಾತೇ ನಿಜವೆಂದು ಸಮಾಧಾನವಾಗಿ, ಚೀಲದಿಂದ ಕಾಮಿಕ್ಸ್ ತೆಗೆದು ಹದಿನಾಲ್ಕನೆಯ ಪುಟವನ್ನು ಅವ್ವನ ಮುಂದೆ ಹಿಡಿದೆ. ಇಲ್ಲಿ ನೋಡು, ನಮ್ಮ ಬಾಗಲಾ ಎಂಥಾ ಉಲ್ಟಾ ಬರದಾರ ಎಂದೆ.

ಅವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಮೊರ ಕೆಳಗಿಟ್ಟಳು.

"ಉಲ್ಟಾ ಎಲ್ಲೈತಿ? ಹಳೇ ಮನ್ಯಾಗ ಹಿಂಗ ಇತ್ತು."

"ಇಲ್ಲವ್ವಾ, ನನಗ ನೆನಪೈತಿ."

"ನಿನಗ ಏನ್ ನೆನಪೈತೊ? ನೀ ನೆನಪಿಟ್ಟಿದ್ದು ಈ ಮನೀದು. ಹಳೇ ಬಾಗಲದಾಗ ಗಿಳಿ ಒಂದರ ಮಾರಿ ಒಂದು ನೋಡ್ತಿದ್ವು. ನಾ ಮದಿವ್ಯಾಗಿ ಬಂದ ದಿನ ನಮ್ಮತ್ತಿ ತೋರಿಸಿದ್ಲು, ನೀವಿಬ್ರೂ ಹಿಂಗ ಇರ್ರಿ ಅಂತ."

ಹಾಗಾದರೆ ಈಗ ಯಾಕೆ ಹೀಗಿವೆ ಎಂದು ಕೇಳಿದೆ. ಅವ್ವ ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವಳು ಬಾಯಿ ಬಿಡದ ಸಂಗತಿ ಅದು.

ಅಪ್ಪ ಇಡೀ ಓಣಿಯ ಕಟ್ಟಿಗೆಗೆ ಓಣಿಯಲ್ಲಿ ನಿಂತು, ಹೊರಗಿನಿಂದ ಎಡಬಲ ನೋಡಿ ನಂಬರ್ ಹಾಕಿದ್ದರು. ನಮ್ಮ ಮನೆಯದನ್ನು ಕಟ್ಟಕಡೆಗೆ ಉಳಿಸಿಕೊಂಡಿದ್ದರು. ಅಂದು ಹೊರಗೆ ಟ್ರ್ಯಾಕ್ಟರುಗಳು ಒತ್ತಿ ನಿಂತಿದ್ದವು, ಕಾಲಿಡಲು ಜಾಗವಿರಲಿಲ್ಲ. ಅಪ್ಪ ಮನೆಯೊಳಗೆ ನಿಂತು, ಹಲಗೆಗಳ ಹಿಂಬದಿಗೆ ಒಂದು, ಎರಡು ಎಂದು ಬರೆದರು. ಒಳಗಿನ ಎಡ ಹೊರಗಿನ ಬಲ ಎಂಬುದು ಅವಸರದಲ್ಲಿ ಹೊಳೆಯಲಿಲ್ಲ. ಆ ವರ್ಷ ಓದಲು ನಾನು ಸೋದರಮಾವನ ಊರಿನಲ್ಲಿದ್ದೆ. ಹೊಸ ಊರಿನಲ್ಲಿ ಚೌಕಟ್ಟು ನಿಲ್ಲಿಸುವ ದಿನ ಮಿಸ್ತ್ರಿ ಕಾಕಾ, ಅಂದರೆ ಬಾಗಿಲು ಕೂಡಿಸಲು ಬಂದಿದ್ದ ಬಡಿಗ, ಹಲಗೆ ನೋಡುತ್ತಲೇ ಅಪ್ಪನನ್ನು ಪಕ್ಕಕ್ಕೆ ಕರೆದು, ಗಿಳಿ ಎದುರಾಬದುರಾ ಇರಬೇಕಲ್ರಿ, ನಂಬರ್ ತಪ್ಪೇತೇನೋ ಎಂದಿದ್ದರಂತೆ. ಅಪ್ಪ ರೇಗಿದರು. ಊರಿಗೆಲ್ಲ ನಂಬರ್ ಹಾಕಿದವನಿಗೆ ಹೇಳಲು ಬಂದೆಯಾ, ನಂಬರಿನ ಪ್ರಕಾರ ಕೂಡಿಸು, ಮುಹೂರ್ತ ಮೀರುತ್ತಿದೆ ಎಂದರು. ಮಿಸ್ತ್ರಿ ಕೂಡಿಸಿದರು. ಪೂಜೆಯಾಯಿತು, ಕಾಯಿ ಒಡೆದಾಯಿತು. ಪೂಜೆಯಾಗಿ ನಿಂತ ಚೌಕಟ್ಟನ್ನು ನಮ್ಮಲ್ಲಿ ಯಾರೂ ಕೀಳುವುದಿಲ್ಲ, ಮನೆಗೆ ಕೇಡು. ಆಗ ನೆರೆದ ಬೀಗರಲ್ಲಿ ಒಬ್ಬರು, "ಗಂಡ ಹೆಂಡ್ತಿ ಮಾತು ಬಿಟ್ಟಂಗ ಕುಂತಾವಲ್ಲೋ ಗಿಳಿ!" ಎಂದು ನಕ್ಕರು. ಎಲ್ಲರೂ ನಕ್ಕರು.

"ನಿಮ್ಮಪ್ಪನ ಮಾರಿ ಬೆಳ್ಳಗಾತು" ಎಂದಳು ಅವ್ವ. "ಅವರಿಗೆ ಆಗ ತಿಳೀತು, ತಪ್ಪ ಎಲ್ಲಾಗೇತಿ ಅಂತ. ಬಾಯಿ ತಗೀಲಿಲ್ಲ. ಮಿಸ್ತ್ರಿ ಅವರ ಮಾರಿ ನೋಡಿದ. ನೋಡಿ, ತಪ್ಪ ನಂದರಿ, ಎಡಾ ಬಲಾ ತಿಳೀಲಿಲ್ಲ ನನಗ ಅಂದ. ನಾ ಆರತಿ ತಾಟ ಹಿಡಕೊಂಡು ನಿಂತಿದ್ದೆ, ಎಲ್ಲಾ ನೋಡೇನಿ."

ಆ ವರ್ಷ ಹೊಸ ಕೊಲ್ಹಾರದಲ್ಲಿ ಮನೆಮನೆಗೂ ಬಾಗಿಲು ನಿಲ್ಲಿಸುವ ಕೆಲಸ. ಬಡಿಗನಿಗೆ ಜೀವಮಾನದಲ್ಲಿ ಒಮ್ಮೆ ಸಿಗುವ ಸುಗ್ಗಿ ಅದು. ಆದರೆ ಆ ಮಿಸ್ತ್ರಿಯನ್ನು ಯಾರೂ ಕರೆಯಲಿಲ್ಲ. ಎಡಬಲ ತಿಳಿಯದವನು, ಗಿಳಿಗಳನ್ನು ಬೆನ್ನು ತಿರುಗಿಸಿ ಕೂಡಿಸುವವನು ಎಂದು ಹೆಸರು ಬಿತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋಗಿ ಮಂಚ, ಬೆಂಚು ಮಾಡಿಕೊಂಡು ಉಳಿದರು. ಅಪ್ಪ ತಿರುಗಿ ಒಂದು ಮಾತೂ ಆಡಲಿಲ್ಲ. ಪ್ರತಿ ಹಬ್ಬಕ್ಕೆ ಆ ಹಲಗೆಗಳಿಗೆ ತಾವೇ ಎಣ್ಣೆ ಹಚ್ಚುತ್ತಿದ್ದರು, ಅಣ್ಣನಿಗಾಗಲಿ ನನಗಾಗಲಿ ಕೈ ಹಚ್ಚಲು ಬಿಡುತ್ತಿರಲಿಲ್ಲ. ಬಾಗಿಲಿನ ಮೇಲೆ ಅಷ್ಟು ಪ್ರೀತಿ ಎಂದು ನಾನು ತಿಳಿದಿದ್ದೆ.

"ಈ ಪುಸ್ತಕಾ ಬರದಾಕಿ ಯಾರು?" ಎಂದು ಅವ್ವ ಕೇಳಿದಳು. ಹೆಸರು, ಊರು ಓದಿ ಹೇಳಿದೆ. ಮನೆತನದ ಹೆಸರು ಕಿವಿಗೆ ಬೀಳುತ್ತಲೇ, "ಮಿಸ್ತ್ರಿ ಕಾಕಾನ ಮೊಮ್ಮಗಳಲ್ಲೋ ಅಕಿ" ಎಂದಳು.

ಎಡ ಯಾವುದು, ಬಲ ಯಾವುದು ತಿಳಿಯದ ಕೈ. ಅಜ್ಜನಿಗೆ ಊರು ಕೊಟ್ಟ ಹೆಸರನ್ನೇ ನಾನು ಮೊಮ್ಮಗಳಿಗೆ ಬರೆದು ಕಳಿಸಿದ್ದೆ, ಜೊತೆಗೆ ಬಾಗಿಲಿನ ಫೋಟೊ ಸಾಕ್ಷಿ. ಅಪ್ಪ ಬಾಯಿ ಮುಚ್ಚಿಕೊಂಡು ಮಾಡಿದ್ದನ್ನು ನಾನು ಬಾಯಿ ತೆರೆದು ಮಾಡಿದ್ದೆ. ಸಂಪಾದಕರಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಅಂಗಳದಿಂದ ಓಣಿಯ ತುದಿಗೆ, ತುದಿಯಿಂದ ಅಂಗಳಕ್ಕೆ ತಿರುಗುತ್ತ ಆರು ಸಲ ಹಚ್ಚಿದೆ. ಏಳನೆಯದಕ್ಕೆ ಎತ್ತಿದರು.

"ಈಗ ಹೇಳಿದ್ರ ಹ್ಯಾಂಗ್ರಿ ಸರ? ಪುಟ ಕಟ್ಟೇವಿ. ಪೂರಾ ತಗದ್ರ ಅಲ್ಲಿ ಏನ್ ಹಾಕ್ಲಿ?"

ಕೊನೆಯ ಭಾಗ ಮಾತ್ರ ಬದಲಿಸುತ್ತೇನೆ ಎಂದು ಕೈಮುಗಿದು ಕೇಳಿಕೊಂಡೆ. ಅವರು ನಿಟ್ಟುಸಿರು ಬಿಟ್ಟು, "ಮೊದಲಿದ್ದಷ್ಟ ಸಾಲು ಬರಬೇಕು, ಇಪ್ಪತ್ತ ಮಿನಿಟ್ನ್ಯಾಗ ಬರಬೇಕು" ಎಂದು ಇಟ್ಟರು.

ಬರೆಯುವುದೇನು? ಗಿಳಿಗಳ ಮಾತನ್ನೇ ಬಿಟ್ಟು ಇನ್ನೂ ಎರಡು ಹೊಗಳಿಕೆ ತುಂಬಿದರೂ ನಡೆಯುತ್ತಿತ್ತು. ಆದರೆ ಅದು ಅಪ್ಪ ಮಾಡಿದಂಥದೇ ಇನ್ನೊಂದು ಮೌನವಾಗುತ್ತಿತ್ತು. ನಿಜ ಬರೆದರೆ ಅಪ್ಪನ ಹೆಸರು ಜಿಲ್ಲೆಯ ತುಂಬ ಹೋಗುತ್ತದೆ; ಕೊಲ್ಹಾರದಲ್ಲಿ ಇವತ್ತಿಗೂ ಅವರನ್ನು ಲೆಕ್ಕದ ಮನುಷ್ಯ ಎಂದೇ ನೆನೆಯುತ್ತಾರೆ. ಅವ್ವನ ಮುಂದೆ ಹೋಗಿ ನಿಂತೆ. ಬರೀಲೇನವ್ವಾ ಎಂದೆ.

ಅವ್ವ ಮೊರದೊಳಗಿನ ಒಂದು ಕಲ್ಲು ಆರಿಸಿ ಎಸೆದಳು. ಇನ್ನೊಂದು ಎಸೆದಳು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ದಿನಾ ಮುಂಜಾನೆ ಈ ಬಾಗಲದ ಮುಂದ ರಂಗೋಲಿ ಹಾಕ್ತೇನಿ. ಹಾಕುವಾಗೊಮ್ಮೆ ಆ ಮನಷ್ಯಾನ ನೆನಸ್ತೇನಿ. ಬರಿ" ಎಂದಳು. ನಾನು ಬರೆಯುವಾಗ ಅವಳು ಅಳುತ್ತಿದ್ದಳು, ನೋಡದವನಂತೆ ಮಾಡಿದೆ.

ಕಟ್ಟೆಯ ಮೇಲೆ ಒಂದು ಕಾಲಿಟ್ಟು ನಿಂತು ಫೋನಿನಲ್ಲೇ ಬರೆದೆ. ಈ ಸಂಚಿಕೆಯ ಹದಿನಾಲ್ಕನೆಯ ಪುಟದಲ್ಲಿರುವ ಬಾಗಿಲು ನಮ್ಮದು. ಚಿತ್ರದಲ್ಲಿ ಗಿಳಿಗಳು ಇರಬೇಕಾದ ರೀತಿಯಲ್ಲಿವೆ, ನಮ್ಮ ಮನೆಯಲ್ಲಿ ತಪ್ಪಾಗಿವೆ. ಆ ತಪ್ಪು ನಂಬರ್ ಬರೆದ ನನ್ನ ತಂದೆಯದು, ಅದನ್ನು ತನ್ನ ಮೇಲೆ ಹಾಕಿಕೊಂಡು ಊರು ಬಿಟ್ಟವರು ಬಾಗಿಲು ಕೂಡಿಸಿದ ಬಡಿಗರು. ಅವರ ಮೊಮ್ಮಗಳ ಈ ಪುಸ್ತಕವನ್ನು ಎಲ್ಲರೂ ಕೊಂಡು ಓದಬೇಕು. ನಾಲ್ಕಕ್ಕೆ ಐದು ಮಿನಿಟ್ ಇರುವಾಗ ಕಳಿಸಿದೆ. ಬಂತು ಎಂದು ಸಂಪಾದಕರು ಒಂದೇ ಪದ ಬರೆದರು. ಎದೆಯಿಂದ ಒಂದು ಕಲ್ಲು ಇಳಿಸಿದಂತಾಗಿ, ಬಹಳ ದಿನಗಳ ಮೇಲೆ ನಾನು ಕೂತು ಊಟ ಮಾಡಿದೆ.

ರಾತ್ರಿ ಹೊಲದಿಂದ ಬಂದ ಅಣ್ಣನಿಗೆ ಏನೂ ಹೇಳದೆ, ರವಿವಾರ ಮುಂಜಾನೆಯ ಮೊದಲ ಬಸ್ಸಿಗೇ ಬಾಗೇವಾಡಿಗೆ ಬಂದೆ. ಪತ್ರಿಕೆ ಕೊಂಡು ನೋಡಿದೆ, ಬರೆದದ್ದು ಬರೆದಂತೆ ಬಂದಿತ್ತು. ಅಲ್ಲಿಂದ ಮುದ್ದೇಬಿಹಾಳದ ಬಸ್ ಹತ್ತುವಷ್ಟರಲ್ಲಿ ಅಣ್ಣನ ಫೋನ್. "ಅಪ್ಪನ್ನ ಪೇಪರ್ನ್ಯಾಗ ನಿಲ್ಲಿಸಿ ಬೈಸಿದಿ. ಸತ್ತವ್ರು ಬಂದು ಉತ್ತರಾ ಕೊಡ್ತಾರೇನೋ?" ಎಂದು ಕೂಗಾಡಿ ಇಟ್ಟ. ಅವನು ಹಾಗೆ ಅನ್ನುತ್ತಾನೆಂದು ಗೊತ್ತಿತ್ತು. ನಾನು ಸರಿಯಾದದ್ದನ್ನೇ ಮಾಡಿದ್ದೇನೆ ಎಂಬ ಜಂಬದಲ್ಲಿದ್ದೆ, ಅವನ ಮಾತು ತಟ್ಟಲಿಲ್ಲ.

ಮುದ್ದೇಬಿಹಾಳದಲ್ಲಿ ಚಿತ್ರ ಬರೆಯುವ ಹುಡುಗಿಯ ಮನೆ ಎಂದು ಕೇಳಿದರೆ ಎರಡನೆಯವರೇ ತೋರಿಸಿದರು. ಇಪ್ಪತ್ತೈದರ ಆಸುಪಾಸಿನವಳು, ಬೆರಳ ತುದಿಗೆಲ್ಲ ಶಾಯಿ. ನಾನು ಇಂಥವನು ಎನ್ನುತ್ತಲೇ ಅವಳ ಕಣ್ಣು ತುಂಬಿತು. ಫೋನಿನಲ್ಲಿ ಆಗಲೇ ಓದಿದ್ದಳು. "ಸರ, ನಮಗೂ ಗೊತ್ತಿರಲಿಲ್ರಿ. ನಮ್ಮ ಮುತ್ಯಾ ಮನ್ಯಾಗೂ ತನ್ನದ ತಪ್ಪ ಅಂತನ ಹೇಳಿದ್ದ. ಗಿಳಿ ಹ್ಯಾಂಗಿದ್ವು, ಕೊಕ್ಕ ಹ್ಯಾಂಗ ಮುರದಿತ್ತು, ಎಲ್ಲಾ ಅವನ ಹೇಳಿ ಬರಸಿದ್ದು. ಅವನ ತಪ್ಪು ಚಿತ್ರದಾಗರ ತಿದ್ದೂಣು ಅಂತ ನಾ ಬರದಿದ್ದೆ" ಎಂದಳು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿದ್ದವು. ಹುಬ್ಬಳ್ಳಿಯಿಂದ ಪ್ರಕಾಶಕರು ಮುಂಜಾನೆಯೇ ಫೋನ್ ಮಾಡಿ, ಹನ್ನೆರಡನೆಯದನ್ನು ಶುರುಮಾಡು ಎಂದಿದ್ದರಂತೆ. ನನಗೆ ಹಾರಾಡುವಷ್ಟು ಖುಷಿಯಾಯಿತು.

"ಬರ್ರಿ, ಮುತ್ಯಾ ಹಿತ್ತಲದಾಗ ಅದಾನ. ಅವಗ ಇನ್ನೂ ಹೇಳಿಲ್ಲ. ನಿಮ್ಮ ಮುಂದ ಓದಿ ಹೇಳ್ತೇನಿ" ಎಂದಳು.

ಹಿತ್ತಲಿನ ಬೇವಿನ ನೆರಳಲ್ಲಿ ಒಬ್ಬ ಮುದುಕರು ಹೊರಸಿನ ಮೇಲೆ ಕೂತು ಉಳಿ ಮಸೆಯುತ್ತಿದ್ದರು. ಬಿಳಿ ಟೊಪ್ಪಿಗೆ, ಮಂಜಾದ ಕಣ್ಣು, ಕೈ ಮಾತ್ರ ನಡುಗದೆ ಹೇಗಿರಬೇಕೋ ಹಾಗಿತ್ತು. ಅವಳು ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದಿದಳು. ಅಪ್ಪನ ತಪ್ಪಿನ ಮಾತು ಬಂದಾಗ ಮಸೆಯುವುದು ನಿಂತಿತು. ಓದಿ ಮುಗಿಸಿ ಮೊಮ್ಮಗಳು ಅಜ್ಜನ ಹೆಗಲ ಮೇಲೆ ಕೈ ಇಟ್ಟಳು. ಅವರು ಆ ಕೈ ತೆಗೆದು ಪಕ್ಕಕ್ಕಿಟ್ಟರು.

"ನೀವು ಅವರ ಸಣ್ಣ ಮಗಾ ಏನ್ರಿ?"

ಹೌದ್ರಿ ಕಾಕಾ ಎಂದೆ.

"ಚೌಕಟ್ಟ ನಿಲ್ಲಿಸಿದ ಮರುದಿನಾ ನಿಮ್ಮಪ್ಪ ನನ್ನ ಹಂತ್ಯಾಕ ಬಂದಿದ್ದ. ನನ್ನ ಮುಂದ ಕುಂತು ಅತ್ತ. ನಾಕ ಮಂದ್ಯಾಗ ನಾ ಖರೆ ಹೇಳತೇನಿ ಅಂದ. ಬ್ಯಾಡ್ರಿ, ಒಮ್ಮೆ ನಂದಂತ ಹೇಳೇನಿ, ನಂದ ಇರಲಿ, ಯಾರ ಮುಂದೂ ಬಾಯಿ ಬಿಡೂದಿಲ್ಲ ಅಂತ ಮಾತ ಕೊಟ್ಟೆ. ನನ್ನ ಹೆಂಡ್ತಿ ಸಾಯೂತನಾ ಕೇಳಿದ್ಲು, ಅಕಿಗೂ ಹೇಳಲಿಲ್ಲ." ಅವರ ದನಿ ಏರಲಿಲ್ಲ. "ಇಷ್ಟ ವರ್ಷ ಅದೊಂದು ಕಾದಿಟ್ಟಿದ್ದೆ. ನೀವು ಯಾರನ್ನ ಕೇಳಿ ಬರದ್ರಿ?"

"ಅವ್ವನ್ನ ಕೇಳಿ ಬರದೇನ್ರಿ."

"ಮಾತು ನಿಮ್ಮವ್ವ ಕೊಟ್ಟಿದ್ಲೇನು?"

ಮೊಮ್ಮಗಳು ಏನೋ ಹೇಳಲು ಹೋದಳು, ಅವರು ಕೈ ಎತ್ತಿ ತಡೆದರು. ನಾನು ಅಲ್ಲೇ ಕಟ್ಟಿಗೆಯ ಹೊಟ್ಟಿನ ಮೇಲೆ ಕೂತುಬಿಟ್ಟೆ. ಸಂಪಾದಕರನ್ನು ಕೇಳಿದ್ದೆ, ಅವ್ವನನ್ನು ಕೇಳಿದ್ದೆ. ಈ ಮನುಷ್ಯ ಬದುಕಿದ್ದಾರೆಯೇ ಎಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ.